ಇವನಲ್ಲ

ಅಪ್ಪ ಹೇಳಿಕೊಟ್ಟದ್ದು: ಟೂಲ್ ನದಿ ಹೆಪ್ಪುಗಟ್ಟಿದಾಗ
ಕಾಲಿಡುವ ಮುಂಚೆ ಮಂಡಿಯೂರು,
ಕಿವಿಯಿಟ್ಟು ಕೇಳು.
ಮೇಲೆ ಲಾರಿಯೇ ಓಡಲಿ,
ಕೆಳಗೆ ಸೆಳವು ಸತ್ತಿರುವುದಿಲ್ಲ.

ಈಗ ನನ್ನ ಕೆಲಸವೂ ಅದೇ.
ಉಲಾನ್‌ಬಾತರ್, ಹೆರಿಗೆ ಆಸ್ಪತ್ರೆ, ರಾತ್ರಿ ಪಾಳಿ.
ಕಿಟಕಿಯಾಚೆ ಮೈನಸ್ ಮೂವತ್ತೆಂಟು, ಕಲ್ಲಿದ್ದಲ ಹೊಗೆ.
ಹಸುಗೂಸಿನ ತಲೆ ನನ್ನ ಅಂಗೈಯಷ್ಟು.
ನೆತ್ತಿಯ ಮೆತ್ತನೆ ಜಾಗ ಬಿಟ್ಟು, ಕೂದಲು ಸರಿಸಿ
ಒಂಬತ್ತು ತಂತಿ ಅಂಟಿಸುತ್ತೇನೆ,
ಅಂಟಿನ ಟ್ಯೂಬನ್ನು ಮೊದಲು
ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು.

ಇವನು ಎರ್ದೆನೆಸಂತ್ ಕಡೆಯವನು.
ಐದು ಗಂಟೆ ಜೀಪಿನಲ್ಲಿ, ಅಜ್ಜಿಯ ಕುರಿದೊಗಲ ಅಂಗಿಯೊಳಗೆ ಬಂದ.
ಕೊರಳಿಗೆ ಎರಡು ಸುತ್ತು ಹೊಕ್ಕುಳಬಳ್ಳಿ,
ಹುಟ್ಟಿ ಏಳು ನಿಮಿಷ ಅಳಲಿಲ್ಲ.
ಆ ಏಳು ನಿಮಿಷ ಎಲ್ಲಿ ಹೋಯಿತೆಂದು
ಯಾರೂ ಯಾರನ್ನೂ ಕೇಳಲಿಲ್ಲ.

'ದಾರಿಯುದ್ದ ಬೆಚ್ಚಗೆ ಇಟ್ಟಿದ್ದೆ' ಎಂದಳು ಅಜ್ಜಿ ದೋಲ್ಗೋರ್.
ನಾವು ಬಿಚ್ಚಿ ತಂಪು ಹಾಸಿಗೆಯ ಮೇಲೆ ಮಲಗಿಸಿದೆವು,
ಮೂರು ದಿನ, ಮೂವತ್ತಮೂರೂವರೆ ಡಿಗ್ರಿ.
ಉಸಿರುಗಟ್ಟಿ ನೊಂದ ಮಿದುಳಿಗೆ ತಂಪೇ ಮದ್ದು, ಡಾಕ್ಟರು ಬಿಡಿಸಿ ಹೇಳಿದರು.
ಅಜ್ಜಿ ಕಿಟಕಿ ನೋಡಿದಳು, ನನ್ನನ್ನು ನೋಡಿದಳು:
ಈ ಊರಲ್ಲಿ ಚಳಿಯನ್ನೂ ಮಿಶಿನ್ನಿನಲ್ಲಿ ಮಾಡುತ್ತೀರಾ?

ಕೈಪಟ್ಟಿಯಲ್ಲಿ: ತ್ಸೇರ್ಮಾಳ ಮಗು.
ಅಜ್ಜಿ ಕರೆಯುವುದು ಎನೆಬಿಶ್.
ಅಂದರೆ, ಇವನಲ್ಲ.
ಮೊದಲಿನೆರಡು ಉಳಿದಿರಲಿಲ್ಲ.
ಹುಡುಕಿಕೊಂಡು ಬರುವುದಕ್ಕೆ
ಮನೆ ತಪ್ಪಲಿ ಎಂದು ಈ ಹೆಸರು.
ನಾನೂ ಕಡತದ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದೆ.

ಹದಿನಾಲ್ಕನೇ ಗಂಟೆಗೆ ಬಂತು.
ತುಟಿ ಚೀಪಿತು, ಎಡಗಾಲು ಸೈಕಲ್ ತುಳಿಯಿತು.
ಕನಸು ಬಿತ್ತೇನೋ ಎಂದು ತಾಯಿ ನಕ್ಕಳು.
ಕಾಲು ಹಿಡಿದೆ. ಬರೀ ನಡುಕವಾದರೆ
ಹಿಡಿದ ಕೈಗೆ ನಿಲ್ಲುತ್ತದೆ.
ನಿಲ್ಲಲಿಲ್ಲ.
ಪರದೆಯಲ್ಲಿ ಬಲಮಿದುಳಿನ ಗೆರೆಗಳು ಹಲ್ಲು ಕಡಿಯುತ್ತಿದ್ದವು,
ಒಂದೇ ಅಳತೆ, ಒಂದೇ ಹಟ.

ಫಿನೋಬಾರ್ಬಿಟಾಲ್ ನರದೊಳಗೆ ಇಳಿಯಿತು.
ಕಾಲು ನಿಂತಿತು, ತುಟಿ ನಿಂತಿತು,
ತಾಯಿ ಕೈ ಮುಗಿದಳು, ನರ್ಸು ಟ್ರೇ ಮುಚ್ಚಿದಳು.
ನಾನು ಏಳಲಿಲ್ಲ.
'ಡಾಕ್ಟರೇ, ಇನ್ನೂ ನಡೀತಿದೆ.'
'ಮಲಗಿದ್ದಾನಲ್ಲ.'
'ಮಲಗಿಲ್ಲ.'
ಮೈಯೆಲ್ಲ ಹೆಪ್ಪು. ಅಡಿಯಲ್ಲಿ ಸೆಳವು
ದಡ ಕೊರೆಯುತ್ತಲೇ ಇತ್ತು.

ಎರಡನೇ ಮದ್ದು. ನಾಲ್ಕೂ ಹತ್ತಕ್ಕೆ ಗೆರೆ ಚದುರಿತು,
ಮಂದೆ ಬಿಟ್ಟ ಕುರಿಗಳ ಹಾಗೆ,
ಅಡ್ಡಾದಿಡ್ಡಿಯಾಗಿ. ನಾನು ಚಹಾ ಕುಡಿದೆ, ಆರಿತ್ತು.

ಪಕ್ಕದ ತೊಟ್ಟಿಲಿಗೂ ಅದೇ ವಾರ ಸೆಳವು ಬಂದಿತ್ತು.
ಅವಳಿಗೆ ಸಕ್ಕರೆ ಇಳಿದಿತ್ತು, ಅಷ್ಟೆ.
ಸಕ್ಕರೆ ನೀರು ಏರಿಸಿದರು,
ನಾಲ್ಕನೇ ದಿನ ಗುಲಾಬಿ ಟೋಪಿ ಹಾಕಿಕೊಂಡು ಮನೆಗೆ ಹೋದಳು.
ತ್ಸೇರ್ಮಾ ಆ ಟೋಪಿಯನ್ನು ಬಾಗಿಲ ತನಕ ನೋಡಿದಳು.

'ನನ್ನವನು ನಡೀತಾನಾ?'
ಡಾಕ್ಟರು ನನ್ನ ಕಾಗದ ತೋರಿಸಿದರು:
ಮೂರನೇ ರಾತ್ರಿ ನಿದ್ದೆ, ಎಚ್ಚರ, ಮತ್ತೆ ನಿದ್ದೆ,
ಏರಿಳಿತ ಮರಳಿದೆ, ಒಳ್ಳೆಯದು.
ಸ್ಕ್ಯಾನಿನಲ್ಲಿ ಒಂದು ಕಡೆ ಬಿಳಿ ಕಲೆ, ಒಳ್ಳೆಯದಲ್ಲ.
ಇದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ.
ತಾಯಿ ಕಾಗದ ಕೇಳಿ ಇಸಿದುಕೊಂಡಳು,
ಓದಲು ಬಾರದಿದ್ದರೂ.

ಎರಡು ವರ್ಷ ಕಳೆದು, ಆಗಸ್ಟಿನಲ್ಲಿ ಬಂದರು.
ಎಡಗಾಲು ಎಳೆಯುತ್ತಾನೆ, ಎಡಮುಷ್ಟಿ ಬಿಚ್ಚುವುದಿಲ್ಲ.
ಮಾತು ನಾಲ್ಕು, ಅದರಲ್ಲಿ ಒಂದು 'ಕುದುರೆ'.
ಮದ್ದಿನ ಸೀಸೆ ಅಜ್ಜಿಯ ಎದೆಯೊಳಗಿನ ಜೇಬಿನಲ್ಲಿ.
ಮತ್ತೆ ತಂತಿ ಅಂಟಿಸಿದೆ.
ಬಲಗೈಯಿಂದ ಕಿತ್ತ. ಅಂಟಿಸಿದೆ. ಕಿತ್ತ.
ಆಮೇಲೆ ಬಾಯಿ ತೆರೆದು ಶುರು ಮಾಡಿದ ನೋಡಿ,
ಪರದೆ ತುಂಬ ದಪ್ಪ ಕಪ್ಪು ಗೀಚು.

ಹೊಸದಾಗಿ ಸೇರಿದ ಹುಡುಗಿ ಬೆಚ್ಚಿದಳು: ಸೆಳವಾ?
ಅಲ್ಲ, ಅಳು.
ಓದಲು ಬಾರದ ಗೆರೆ, ಅಳಿಸಬೇಕಾದ್ದು.
ಇರಲಿ, ಅತ್ತು ಮುಗಿಸಲಿ, ಎಂದೆ.
ಕಾಗದ ಓಡುತ್ತಿತ್ತು.